ಏಳುನೂರು ಅಡಿಯಲ್ಲಿ ನಿಂತ ಮುಳ್ಳು

ಗಾವಡಗೆರೆಯ ಷಣ್ಮುಖಪ್ಪ ವಾಯುಪಡೆಯಲ್ಲಿ ಹದಿನೆಂಟು ವರ್ಷ ವಿಮಾನದ ಮೀಟರುಗಳನ್ನು ಬಿಚ್ಚಿ ಜೋಡಿಸಿದವನು. ಕೆಲಸ ಮುಗಿಸಿ ಬಂದ ಮೇಲೆ ಹುಣಸೂರಿನಲ್ಲಿ ಗಡಿಯಾರ, ಬೈಕಿನ ಸ್ಪೀಡೋಮೀಟರ್ ರಿಪೇರಿಗೆ ಕೂತ. ಯಾವುದನ್ನೂ ಎರಡು ಸಲ ನೋಡದೆ ಕೊಡುತ್ತಿರಲಿಲ್ಲ. ಗಿರಾಕಿಗಳು ಗೊಣಗಿಕೊಂಡೇ ಕಾಯುತ್ತಿದ್ದರು.

ತೊಂಬತ್ತೆಂಟರ ಡಿಸೆಂಬರಿನಲ್ಲಿ ಸಾಲಿಗ್ರಾಮದ ಅಕ್ಕಿ ಗಿರಣಿಯ ಯಜಮಾನರಾದ ವೀರಭದ್ರಸ್ವಾಮಿ ಅವನ ಅಂಗಡಿಗೆ ಬಂದರು. ಅವರು ಎರಡು ಸೀಟಿನ ಪುಟ್ಟ ವಿಮಾನ ಕೊಂಡು, ಹಾರಿಸುವುದನ್ನೂ ಕಲಿತಿದ್ದರು. ಅದರ ಎತ್ತರ ತೋರಿಸುವ ಮೀಟರು ಕೆಟ್ಟಿತ್ತು. ಬದಲಿಗೆ ಎರಡು ತಂದಿದ್ದರು. ಒಂದಕ್ಕೆ ಸೀಲು, ಸಹಿ ಇದ್ದ ಸರ್ಟಿಫಿಕೇಟು. ಇನ್ನೊಂದು ಕಾಗದಪತ್ರವಿಲ್ಲದ ಅಗ್ಗದ ಮಾಲು, ಹೆಚ್ಚಿಗೆ ಇರಲಿ ಎಂದು ತಂದದ್ದು. ಸರ್ಟಿಫಿಕೇಟಿನದನ್ನೇ ಕೂರಿಸಿ, ಭಾನುವಾರ ಮಗಳು ಶಾಂತಲಾಳನ್ನು ಕರೆದುಕೊಂಡು ಹಾರಬೇಕು ಎಂದರು.

ಷಣ್ಮುಖಪ್ಪ ಪರೀಕ್ಷಿಸದೆ ಒಪ್ಪಲಿಲ್ಲ. ಪ್ಲಾಸ್ಟಿಕ್ ಪೈಪನ್ನು ಬಗ್ಗಿಸಿ ಗೋಡೆಗೆ ಕಟ್ಟಿ, ನೀರು ತುಂಬಿ, ತುದಿಗೆ ಒಂದೊಂದೇ ಮೀಟರು ಸಿಕ್ಕಿಸಿ, ಸಿರಿಂಜಿನಲ್ಲಿ ಗಾಳಿ ಎಳೆದ. ಗಾಳಿ ಕಮ್ಮಿಯಾದಷ್ಟೂ ಮುಳ್ಳು ಮೇಲೇರಬೇಕು. ಎಷ್ಟು ಏರಬೇಕೆಂದು ನೀರಿನ ಮಟ್ಟ ಹೇಳುತ್ತದೆ. ಕಾಗದವಿಲ್ಲದ್ದು ಸಲೀಸಾಗಿ ಏರಿ ಇಳಿಯಿತು. ಸರ್ಟಿಫಿಕೇಟಿನದು ಇಳಿಯುವಾಗ ಏಳುನೂರು ಅಡಿಯಲ್ಲಿ ನಿಂತಿತು. ಗಾಜು ತಟ್ಟಿದ ಮೇಲೆ ಜಾರಿತು. ಮತ್ತೆ ನಾಲ್ಕು ಸಲ ನೋಡಿದ. ಎರಡು ಸಲ ನಿಂತಿತು, ಎರಡು ಸಲ ಸರಿಯಾಗಿತ್ತು. ಯಾವಾಗ ನಿಲ್ಲುತ್ತದೆಂದು ಹೇಳುವಂತಿಲ್ಲ. ಅವನಿಗೆ ದಿಗಿಲಾದದ್ದು ಅದಕ್ಕೇ.

ಅಷ್ಟು ದೊಡ್ಡ ಮೊಹರಿಗಿಂತ ನಿಮ್ಮ ನೀರಿನ ಪೈಪು ಹೆಚ್ಚೋ ಎಂದು ವೀರಭದ್ರಸ್ವಾಮಿ ಕೇಳಿದರು.

"ಕಾಗ್ದ ಸುಳ್ಳು ಅಂತಿಲ್ಲ ಸ್ವಾಮೇರೆ. ಅದು ಸಹಿ ಆಕಿದ್ ದಿನದ್ ಮಾತು. ಇವತ್ತಿನ್ ಮಾತ ಮುಳ್ಳೇ ಏಳ್ಬೇಕು," ಎಂದ ಷಣ್ಮುಖಪ್ಪ.

ಅವನಿಗೆ ಸಹಿಯ ಗುಟ್ಟು ಗೊತ್ತಿತ್ತು. ವಾಯುಪಡೆಯಲ್ಲಿ ಒಮ್ಮೆ ಜ್ವರದ ತಾಪದಲ್ಲಿ ಕೊನೆಯ ಮೂರು ಮೀಟರುಗಳನ್ನು ನೋಡದೆಯೇ ಸಹಿ ಹಾಕಿದ್ದ. ಏನೂ ಆಗಲಿಲ್ಲ. ಆದರೆ ಆ ವಿಮಾನಗಳು ಇಳಿಯುವ ತನಕ ಜ್ವರದಲ್ಲೇ ಹೊರಗೆ ನಿಂತು ಕಾದಿದ್ದ. ಈ ಮಾತನ್ನು ಹೆಂಡತಿ ರಾಮಮ್ಮನಿಗೂ ಹೇಳಿರಲಿಲ್ಲ.

ಕೊನೆಗೆ ಸಾಲಿಗ್ರಾಮದಲ್ಲಿ ವಿಮಾನ ನಿಲ್ಲಿಸುವ ಶೆಡ್ಡಿಗೆ ಹೋಗಿ ಎರಡನ್ನೂ ಅಕ್ಕಪಕ್ಕ ಕೂರಿಸಿ, ನೆಲದ ಮೇಲೆ ಸೊನ್ನೆ ತೋರುವಂತೆ ಹೊಂದಿಸಿದ. ಭಾನುವಾರ ಬೆಳಿಗ್ಗೆ ಶಾಂತಲಾ ವಿಮಾನದ ಹತ್ತಿರ ಬಂದಾಗ ಅಡ್ಡ ನಿಂತ.

"ಮಗೂನ ಇವತ್ತೊಂದಿನ ಬುಡಿ. ಆ ಸೀಟಲ್ಲಿ ನಾನ್ ಕೂತ್ಕತೀನಿ."

ಇಬ್ಬರೂ ಹಾರಿ ಹಿಂದಿರುಗುವಾಗ ಕಾವೇರಿ ಕಡೆಯಿಂದ ಮಂಜು ಹಬ್ಬಿ ಗದ್ದೆ, ನಾಲೆ ಎರಡೂ ಮರೆಯಾದವು. ಇಂಜಿನ್ ಸದ್ದು ತಗ್ಗಿಸಿ ಇಳಿಯತೊಡಗಿದರು. ಸರ್ಟಿಫಿಕೇಟಿನದರ ಮುಳ್ಳು ಏಳುನೂರರಲ್ಲಿ ನಿಂತಿತು. ಇನ್ನೊಂದು ಐನೂರು, ನಾನೂರು ಎಂದು ಇಳಿಯುತ್ತಲೇ ಇತ್ತು. ಯಾವುದನ್ನು ನಂಬಬೇಕು? ಷಣ್ಮುಖಪ್ಪ ಬೆರಳಿನಿಂದ ಗಾಜು ತಟ್ಟಿದ. ನಿಂತಿದ್ದ ಮುಳ್ಳು ದಡಕ್ಕನೆ ಮುನ್ನೂರೈವತ್ತಕ್ಕೆ ಬಿತ್ತು. ವೀರಭದ್ರಸ್ವಾಮಿ ವಿಮಾನವನ್ನು ಮೇಲೆತ್ತಿದರು. ಮಂಜು ಕರಗುವ ತನಕ ಸುತ್ತು ಹಾಕಿ ಇಳಿದರು.

ಸರ್ಟಿಫಿಕೇಟಿನ ಮೀಟರು ಮಾರಿದ್ದವರು ಅದನ್ನು ವಾಪಸ್ ತೆಗೆದುಕೊಂಡು, ನಮ್ಮಲ್ಲಿ ಸರಿಯಾಗಿಯೇ ಇತ್ತು, ಲಾರಿಯಲ್ಲಿ ಪೆಟ್ಟು ಬಿದ್ದಿರಬೇಕು ಎಂದು ಬರೆದರು. ಇರಬಹುದು ಎಂದ ಷಣ್ಮುಖಪ್ಪ. ಆದರೆ ಅವನು ನಂಬಿದ್ದ ಅಗ್ಗದ ಮೀಟರಿನ ಗಾಜಿನ ಅಂಚು ಮಾರ್ಚಿನ ಬಿಸಿಲಿಗೆ ಸಡಿಲವಾಗಿ ಗಾಳಿ ಸೋರತೊಡಗಿತು. ಏರುವಾಗಲೇ ತಪ್ಪು ಎತ್ತರ ತೋರಿಸಿತು. ಬಿಸಿಲು, ಅದುರಾಟ ಇವನ್ನು ಅವನ ಪೈಪು ಪರೀಕ್ಷಿಸಿರಲಿಲ್ಲ. ಸರ್ಟಿಫಿಕೇಟು ಕೊಡುವವರು ಅದನ್ನೆಲ್ಲ ನೋಡುತ್ತಾರೆ. ನನ್ನದೂ ತಪ್ಪೇ ಎಂದು ಅವನೇ ವೀರಭದ್ರಸ್ವಾಮಿಯವರ ಹತ್ತಿರ ಹೋಗಿ ಹೇಳಿಬಂದ.

ಮೇ ತಿಂಗಳಲ್ಲಿ ಸರ್ಟಿಫಿಕೇಟಿರುವ ಹೊಸದೊಂದು ಬಂತು. ಅದನ್ನು ಎರಡು ದಿನ ಬಿಸಿಲಲ್ಲಿಟ್ಟು, ಗಿರಣಿಯ ಮೋಟರಿನ ಮೇಲೆ ಅದುರಿಸಿ, ಪೈಪಿಗೂ ಹಚ್ಚಿ ನೋಡಿದ. ಮುಳ್ಳು ಎಲ್ಲೂ ನಿಲ್ಲಲಿಲ್ಲ. ಶಾಂತಲಾ ಅಪ್ಪನ ಜೊತೆ ಹಾರಿದಳು. ಷಣ್ಮುಖಪ್ಪ ವಿಮಾನದ ಸದ್ದು ಮತ್ತೆ ಕೇಳಿಸುವ ತನಕ ಶೆಡ್ಡಿನ ಹೊರಗೆ ನಿಂತಿದ್ದು, ಆಮೇಲೆ ಹುಣಸೂರಿನ ಬಸ್ಸು ಹತ್ತಿದ.