ಆಷಾಢದಲ್ಲಿ ಹಾಕಿದ ಬೀಗ

ಹೆರಿಗೆ ಆಸ್ಪತ್ರೆಗೆಂದು ನಾವು ಐದು ಜನ ಹೆಂಗಸರು ಮನೆ ಮನೆ ತಿರುಗಿ ಎತ್ತಿದ್ದು ದುಡ್ಡಲ್ಲ, ಕಾಳುಮೆಣಸು. ದುಡ್ಡು ಕೇಳಿದರೆ ಮುಖ ಸಿಂಡರಿಸುವವರು ಮೆಣಸು ಕೇಳಿದರೆ ಕೊಡುತ್ತಾರೆ. ಕುಯ್ಲು ಮುಗಿದ ಹೊತ್ತು ನೋಡಿ ಜಾವಳಿ ಊರಿನ ಸುತ್ತ ಚೀಲ ಹಿಡಿದು ಹೊರಟೆವು. ಎಸ್ಟೇಟಿನ ಧಣಿಗಳು ಮೂಟೆ ಕೊಟ್ಟರು, ಸಣ್ಣ ತೋಟದವರು ಸೇರಿನಲ್ಲಿ ಅಳೆದು ಕೊಟ್ಟರು. ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಗಳಲ್ಲಿ ಒಬ್ಬ ಬಸುರಿ ಹುಡುಗಿ, ಬಳ್ಳಿಯ ಬುಡದಲ್ಲಿ ಉದುರಿದ್ದನ್ನು ಆಯ್ದಿಟ್ಟುಕೊಂಡಿದ್ದ ಒಂದು ಡಬ್ಬಿ ಮೆಣಸನ್ನು ಪೂರ್ತಿ ಸುರಿದಳು. ಬೇಡ ಎಂದೆ.

"ನಂಗೂ ಅಲ್ಲೇ ಅಲ್ವಾ ಹೆರಿಗೆ" ಎಂದಳು.

ಅದನ್ನೆಲ್ಲ ಮಾರಿ ತಂದದ್ದು ಹುಟ್ಟಿದ ಮಗುವನ್ನು ಬೆಚ್ಚಗಿಡುವ ಯಂತ್ರ. ನಾವು ಅದಕ್ಕೆ ಬಿಸಿ ತೊಟ್ಟಿಲು ಎನ್ನುತ್ತಿದ್ದೆವು. ಅದು ಬರುವ ಹೊತ್ತಿಗೆ ಆಷಾಢ ಹಿಡಿದಿತ್ತು. ತಂದವರು ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಕೂರಿಸಿ, ಓಡಿಸಿ ತೋರಿಸಿ ಹೋದರು. ಆಷಾಢದಲ್ಲಿ ಹೊಸದು ಸುರು ಮಾಡುವುದು ಬೇಡ, ಶ್ರಾವಣದ ಮೊದಲ ಶುಕ್ರವಾರ ಪೂಜೆ ಮಾಡಿ ತೆಗೆಯೋಣ ಎಂದವಳು ನಾನೇ. ಮೂಟೆ ಕೊಟ್ಟ ಧಣಿಗಳನ್ನೂ ಆವತ್ತೇ ಕರೆಯುವುದೆಂದಾಯಿತು. ಡಾಕ್ಟರು ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಪ್ಲಾಸ್ಟಿಕ್ ಹೊದಿಸಿ, ಕೋಣೆಗೆ ಬೀಗ ನಾನೇ ಹಾಕಿದೆ.

"ಖಾಲಿ ತೊಟ್ಟಿಲಿಗೆ ಬೀಗ ಹಾಕ್ತಾರಾ ಅಜ್ಜಿ? ಮಗು ತಿಂಗಳು ಕೇಳ್ಕೊಂಡು ಬರಲ್ಲ" ಎಂದಳು ಅಲ್ಲಿಯ ನರ್ಸಮ್ಮ.

ಇವಳಿಗೆ ಬಾಯಿ ಜಾಸ್ತಿ ಎಂದುಕೊಂಡೆ. ಕೀಲಿಯನ್ನು ಮನೆಗೆ ತಂದು ದೇವರ ಮುಂದಿಟ್ಟೆ.

ದೀಪ ಹಚ್ಚುವಾಗೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಎರಡು ಸಲ ಅದರ ಮೇಲೆ ಹೂವು ಮುಚ್ಚಿದೆ.

ಬಸುರಿಯಾಗಿದ್ದ ನನ್ನ ಮೊಮ್ಮಗಳಿಗೆ ದಿನ ತುಂಬಲು ಇನ್ನೂ ತಿಂಗಳ ಮೇಲಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತವಳು ಎದ್ದು ನಿಂತಳು, ಕಾಲಬುಡದಲ್ಲಿ ನೀರು. ಜೀಪಿನಲ್ಲಿ ಕೂರಿಸಿಕೊಂಡು ಹೊರಟೆವು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನನಗೆ ಕೀಲಿ ನೆನಪಾಯಿತು.

ಹೆಣ್ಣುಮಗು. ಎರಡು ಅಂಗೈ ಸೇರಿಸಿದರೆ ಹಿಡಿಸುವಷ್ಟು. ಅಳು ಬೆಕ್ಕಿನ ಮರಿಯದು, ತುಟಿ ನೀಲಿ. ನರ್ಸಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಹೊರಗೆ ಬಂದು ನನ್ನ ಮುಂದೆ ಕೈಚಾಚಿದಳು. ಕೀಲಿ ಮನೆಯಲ್ಲಿದೆ ಎಂದೆ. ಹೋಗಿ ಬರಲು ಎರಡು ಗಂಟೆಯ ದಾರಿ. ದೊಡ್ಡಾಸ್ಪತ್ರೆಗೆ ಒಯ್ಯೋಣವೆಂದರೆ ಚಿಕ್ಕಮಗಳೂರಿನ ರಸ್ತೆಗೆ ಮರ ಬಿದ್ದಿತ್ತು.

ಅವಳು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಹೋದ ವಾರಾನೂ ಹೀಗೇ ಆಯ್ತು. ಲೈನಿನ ಹುಡುಗೀದು. ನಿಮಗೆ ಫೋನ್ ಮಾಡಿದ್ವಿ, ಸಿಗ್ಲಿಲ್ಲ. ಬೀಗ ಒಡೀರಿ ಅಂದೆ, ಕೊಟ್ಟೋರ ಸಾಮಾನು ಅಂತ ಯಾರೂ ಕೈ ಹಾಕ್ಲಿಲ್ಲ. ಮಗೂನ ಚಿಕ್ಕಮಗಳೂರಿಗೆ ಕಳ್ಸಿದ್ವಿ. ಅರ್ಧ ದಾರೀಲೇ ತಣ್ಣಗಾಯ್ತು."

ಯಾವ ಹುಡುಗಿ ಎಂದು ಕೇಳಬೇಕಾಗಿರಲಿಲ್ಲ.

ಜೀಪಿನ ಜಾಕ್ ರಾಡ್ ತಂದೆ. ನಾಲ್ಕನೇ ಏಟಿಗೆ ಬೀಗ ಬಿತ್ತು. ಪ್ಲಾಸ್ಟಿಕ್ ಹರಿದೆ. ಆಷಾಢ ಮುಗಿಯಲು ಇನ್ನೂ ಒಂಬತ್ತು ದಿನವಿತ್ತು. ನನ್ನ ಮರಿಮಗುವಿಗೆ ತಿಂಗಳು ಅಡ್ಡ ಬರಲಿಲ್ಲ.

ಅವಳು ಬದುಕಿದಳು. ಈಗ ಅಂಗಳದಲ್ಲಿ ಕೋಳಿ ಅಟ್ಟುತ್ತಾಳೆ. ಯಾರಾದರೂ ಅದನ್ನು ನೋಡಿ ಎಲ್ಲ ನಿಮ್ಮ ಪುಣ್ಯ ಎಂದರೆ ಎದ್ದು ಒಳಗೆ ಹೋಗುತ್ತೇನೆ.

ಈ ವರ್ಷ ಆಸ್ಪತ್ರೆಗೆ ಜನರೇಟರ್ ಬೇಕೆಂದು ಮತ್ತೆ ಮೆಣಸು ಎತ್ತಲು ಹೊರಟೆವು. ಲೈನಿಗೆ ಬಂದಾಗ ಉಳಿದವರು ಆ ಒಂದು ಮನೆ ಬಿಟ್ಟು ಮುಂದೆ ಹೋಗೋಣ ಎಂದರು. ನಾನು ಹೋದೆ. ಹುಡುಗಿ ಬಾಗಿಲಲ್ಲೇ ಇದ್ದಳು. ನನ್ನನ್ನು ನೋಡಿ ಒಳಗೆ ಹೋದಳು. ಬಾಗಿಲು ಹಾಕುತ್ತಾಳೆ ಎಂದುಕೊಂಡೆ. ಅದೇ ಡಬ್ಬಿ ಹಿಡಿದು ಬಂದಳು, ಸುರಿಯಲಿಲ್ಲ.

"ಈ ಸಲ ಕೀಲಿ ಯಾರತ್ರ ಇರತ್ತೆ ಅಮ್ಮಾ?"

"ಬೀಗಾನೇ ಹಾಕಲ್ಲ" ಎಂದೆ.

ನಾನು ಚೀಲದ ಬಾಯಿ ಅಗಲಿಸಿ ಹಿಡಿದೇ ಇದ್ದೆ, ಕೈ ಸೋಲುವವರೆಗೆ. ಕೊನೆಗೆ ಅವಳು ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

"ನರ್ಸಮ್ಮನ ಕೈಗೇ ಕೊಡ್ತೀನಿ."

ಚೀಲ ಮಡಚಿಕೊಂಡು ಕೆಳಗಿಳಿದೆ.