ಮೇಷ್ಟ್ರ ಮಗಳ ಒಂದು ಹನಿ ರಕ್ತ

ಆ ಕಾಲಕ್ಕೆ ಕೊಣನೂರಿನಲ್ಲಿ ಚಳಿಜ್ವರ ಬಾರದ ಮನೆಯನ್ನು ಹುಡುಕುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ತಂದ ಹಾಗೆಯೇ. ನಾಲೆಯ ನೀರು ಗದ್ದೆಗೆ ಬಂತೆಂದರೆ ಸಾಕು, ಒಬ್ಬೊಬ್ಬರಾಗಿ ಕಂಬಳಿ ಹೊದ್ದು ಮಲಗುತ್ತಿದ್ದರು. ಒಂದು ದಿನ ಹಲ್ಲು ಕಟಕಟಿಸುವಂತೆ ನಡುಗಿ, ಮಾರನೆಯ ದಿನ ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಹೊಸ ಅಕ್ಕಿ ಅನ್ನ ಉಂಡದ್ದಕ್ಕೆ ಬಂತು ಅಂತ ಕೆಲವರು, ಹೊಳೆ ಗಾಳಿ ತಾಗಿತು ಅಂತ ಕೆಲವರು. ಅದರಿಂದ ಯಾರ ಮಾನವೂ ಹೋಗಿರಲಿಲ್ಲ. ಮಾನ ಹೋದದ್ದು ಒಬ್ಬಳದು ಮಾತ್ರ, ಮಿಡ್ಲ್ ಸ್ಕೂಲಿನ ಹೆಡ್‌ಮೇಷ್ಟ್ರು ಪರಮಶಿವಯ್ಯನವರ ಮಗಳು ನೀಲಾಂಬಿಕೆಯದು. ಅದೂ ಜ್ವರದಿಂದಲ್ಲ, ಜ್ವರದ ಬಗ್ಗೆ ಆದ ಭಾಷಣದಿಂದ.

ಮೂವತ್ತೇಳನೆಯ ಇಸವಿ. ಹೊಸದಾಗಿ ಕಂಡುಹಿಡಿದ ಸಂಗತಿಗಳನ್ನು ಜನರಿಗೆ ಅವರ ಮಾತಿನಲ್ಲೇ ತಿಳಿಸಬೇಕೆಂದು ಮೈಸೂರಿನ ಕಡೆಯ ಸಂಶೋಧಕರು ಆಗ ಊರೂರು ತಿರುಗುತ್ತಿದ್ದರು. ಅರಕಲಗೂಡಿಗೆ ಬಂದಿದ್ದ ಒಬ್ಬರನ್ನು ಪರಮಶಿವಯ್ಯನವರು ಕೈಮುಗಿದು ಕರೆತಂದು ಶಾಲೆಯ ಅಂಗಳದಲ್ಲಿ ಕೂರಿಸಿದರು. ಸಂತೆಯ ದಿನವಾದ್ದರಿಂದ ಜನಕ್ಕೆ ಬರವಿರಲಿಲ್ಲ. ಸಂಶೋಧಕರು ಸಂಕೋಚದ ಸ್ವಭಾವದ ತೆಳ್ಳನೆಯ ಮನುಷ್ಯ. ಸೊಳ್ಳೆ ಕಚ್ಚಿದಾಗ ಕಣ್ಣಿಗೆ ಕಾಣದ ಹುಳ ಮೈಗೆ ಸೇರುತ್ತದೆ, ರಕ್ತದ ಕಣದೊಳಗೆ ಕೂತು ಬೆಳೆಯುತ್ತದೆ, ಕ್ವಿನೈನ್ ತಿಂದರೆ ಸಾಯುತ್ತದೆ ಎಂದು ನಿಧಾನವಾಗಿ, ಅಂದವಾಗಿ ಹೇಳಿದರು. ಆಮೇಲೆ ಸೂಕ್ಷ್ಮದರ್ಶಕವನ್ನು ಬಿಸಿಲಿಗೆ ಹೊಂದಿಸಿ, ಯಾರಾದರೂ ಒಂದು ಹನಿ ರಕ್ತ ಕೊಟ್ಟರೆ ಕಣ್ಣಾರೆ ತೋರಿಸುತ್ತೇನೆ ಅಂದರು.

ಸೂಜಿ ಕಂಡದ್ದೇ ಮುಂದೆ ಕೂತವರೆಲ್ಲ ಹಿಂದಕ್ಕೆ ಸರಿದರು. ಮೇಷ್ಟ್ರು ಸುತ್ತ ನೋಡಿದರು. ಕರೆತಂದವರ ಮಾನ ಉಳಿಯಬೇಕಲ್ಲ.

"ನೀಲಾ, ಬಾ ಮಗ. ನಿಂಗೆ ಹೋದ್ವಾರ ತಾನೆ ಜ್ವರ ಬಂದಿತ್ತು?"

ಹೆಂಗಸರ ಸಾಲಿನಿಂದ ಅವಳು ಎದ್ದಳು. ಹದಿನಾರರ ಹುಡುಗಿ, ಅಪ್ಪನ ಮುದ್ದಿನ ಶಿಷ್ಯೆ. ಹೆದರಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು. ಬೆರಳು ಚುಚ್ಚಿದರು, ಗಾಜಿಗೆ ಸವರಿದರು, ಬಣ್ಣ ಹಾಕಿ ಒಣಗಿಸಿದರು. ಮೊದಲು ಅವಳಿಗೇ ತೋರಿಸಿದರು. ತಿಳಿಗೆಂಪು ಬಿಲ್ಲೆಗಳ ನಡುವೆ ಒಂದೊಂದರೊಳಗೆ ಹರಳಿನ ಉಂಗುರದಂಥ ನೀಲಿ ಬಳೆ. ಇಷ್ಟು ಚೆಂದದ್ದು ತನ್ನ ಮೈಯೊಳಗೆ ಇದೆಯೆಂದು ಅವಳಿಗೆ ನಿಜವಾಗಿ ಹಿಗ್ಗಾಯಿತು. ಆಮೇಲೆ ಇಡೀ ಸಂತೆಯೇ ಸಾಲುಗಟ್ಟಿತು. ಎಲೆ ಮಾರುವವರು, ಎತ್ತಿನ ದಲ್ಲಾಳಿಗಳು, ಪಟೇಲರ ಮನೆಯವರು, ಎಲ್ಲರೂ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಮೇಷ್ಟ್ರ ಮಗಳ ರಕ್ತ ನೋಡಿ ಹೋದರು.

ನೀಲಾಂಬಿಕೆಗೆ ಹೊಳೆನರಸೀಪುರದಲ್ಲಿ ಗಂಡು ಗೊತ್ತಾಗಿತ್ತು. ಜವಳಿ ಅಂಗಡಿಯ ಪಾಲಾಕ್ಷ. ಹೆಣ್ಣು ನೋಡಲು ಬಂದಾಗ ಉಪ್ಪಿಟ್ಟಿನ ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ಬಂದರೂ ತಟ್ಟೆ ಖಾಲಿ ಮಾಡಿದ್ದ. ಅಷ್ಟಕ್ಕೇ ಅವಳು ಅವನನ್ನು ಮೆಚ್ಚಿಕೊಂಡಿದ್ದಳು. ಸಂಕ್ರಾಂತಿ ಕಳೆದ ಮೇಲೆ ಲಗ್ನ ಎಂದು ಮಾತಾಗಿತ್ತು. ಭಾಷಣವಾದ ಮುಂದಿನ ಸಂತೆಗೆ ಪಾಲಾಕ್ಷನ ತಾಯಿ ಸುವರ್ಣಮ್ಮ ಬಂದರು. ಕೊಟ್ಟ ನೀರನ್ನೂ ಕುಡಿಯದೆ ಜಗಲಿಯ ತುದಿಯಲ್ಲೇ ಕೂತರು.

"ಚಳಿಜ್ವರ ಯಾರ್ಗಿಲ್ಲ ಮೇಷ್ಟ್ರೇ? ನಂಗೂ ಬತ್ತದೆ, ಕಸಾಯ ಕುಡುದ್ರೆ ಓಯ್ತದೆ. ನಿಮ್ಮ ಮಗೀಗಿರೋದು ಅಂಥದ್ದಲ್ಲ. ರಕ್ತದೊಳಗೇ ಉಳ ಅದೆ ಅಂತ ನಮ್ಮ ಮೈದ್ನ ಅವತ್ತು ಸಂತೇಲಿ ಕಣ್ಣಾರೆ ಕಂಡು ಬಂದವ್ರೆ. ರಕ್ತದಲ್ಲಿರೋದು ಉಟ್ಟೋ ಮಕ್ಳಿಗೆ ಬರ್ದೆ ಬುಟ್ಟಾದಾ?"

"ನಿಮಗೆ ಬರೋ ಜ್ವರಾನೂ ಅದೇ ಹುಳದಿಂದ್ಲೇ ತಾಯಿ. ನೋಡಿದ್ರೆ ನಿಮ್ಮ ರಕ್ತದಲ್ಲೂ ಇರ್ತದೆ."

ಬೀಗಿತಿಯಾಗಬೇಕಾದವಳಿಗೆ ಹೀಗೆ ಹೇಳಿದ ಗಂಡಸು ಈ ಸೀಮೆಯಲ್ಲಿ ಇನ್ನೊಬ್ಬ ಇರಲಾರ. ಸುವರ್ಣಮ್ಮ ಸೆರಗು ಕೊಡವಿ ಎದ್ದರು. ಲಗ್ನದ ಮಾತು ಅಲ್ಲಿಗೇ ಮುರಿಯಿತು. ಒಳಗಿನ ಬಾಗಿಲ ಸಂದಿಯಲ್ಲಿ ನೀಲಾಂಬಿಕೆ ನಿಂತಿದ್ದಳು. ಅಪ್ಪ ಹೇಳಿದ್ದು ನಿಜವೆಂದು ಅವಳಿಗೂ ಗೊತ್ತಿತ್ತು. ನಿಜ ಹೇಳಿ ಇಷ್ಟು ಕೆಡಿಸಬಹುದೆಂಬುದು ಮಾತ್ರ ಅವತ್ತೇ ಗೊತ್ತಾದದ್ದು.

ಊರಿನ ನ್ಯಾಯ ಸುಲಭವಾಗಿತ್ತು. ಕಂಡದ್ದು ಇದೆ, ಕಾಣದ್ದು ಇಲ್ಲ. ಕಂಡದ್ದು ಅವಳದೊಂದೇ. ಜ್ವರ ಬಂದು ಕಂಬಳಿಯಲ್ಲಿ ನಡುಗುತ್ತಿದ್ದವರೂ, ನಮಗೆ ಬರೀ ಜ್ವರ, ಆ ಹುಡುಗಿಗೆ ಹುಳ ಅನ್ನುತ್ತಿದ್ದರು. ಮದುವೆ ಮನೆಗಳಲ್ಲಿ ಅರಿಸಿನ ಹಚ್ಚಲು ಅವಳನ್ನು ಕರೆಯುವುದು ನಿಂತಿತು. ಸೇದುವ ಬಾವಿಯಲ್ಲಿ ಅವಳು ಹಗ್ಗ ಬಿಟ್ಟ ಮೇಲೆ ಉಳಿದವರು ಹಗ್ಗಕ್ಕೆ ನೀರು ಹೊಯ್ದು ಹಿಡಿಯತೊಡಗಿದರು.

ಅಪ್ಪ ಸುಮ್ಮನಿದ್ದಿದ್ದರೆ ಎರಡು ಮುಂಗಾರಿನಲ್ಲಿ ಜನ ಮರೆಯುತ್ತಿದ್ದರೇನೋ. ಪರಮಶಿವಯ್ಯನವರು ಸುಮ್ಮನಿರುವ ಜಾತಿಯಲ್ಲ. ತಪ್ಪು ತಿಳುವಳಿಕೆಯನ್ನು ತಿದ್ದಿ ತೀರುತ್ತೇನೆಂದು ಹೊರಟರು. ದುದ್ದದಿಂದ ಗಂಡಿನವರು ಬಂದರೆ, ಬೆಲ್ಲ ನೀರು ಕೊಡುವುದಕ್ಕೆ ಮೊದಲೇ ಸೀಮೆಸುಣ್ಣ ತೆಗೆದು ನೆಲದ ಮೇಲೆ ಸೊಳ್ಳೆ ಬರೆಯುತ್ತಿದ್ದರು. ಜಿನನಾಥಪುರದ ಹತ್ತಿರ ಯಾರದೋ ಮನೆಯ ನಾಮಕರಣಕ್ಕೆ ಹೋದರೆ ಅಲ್ಲೂ ಎದ್ದು ನಿಂತು, ನನ್ನ ಮಗಳನ್ನೇ ನೋಡಿ, ಅವಳ ರಕ್ತದಲ್ಲಿತ್ತು, ಕ್ವಿನೈನ್ ಕೊಟ್ಟೆ, ಈಗ ಹೇಗಿದ್ದಾಳೆ ಎಂದು ಹೇಳಿಬರುತ್ತಿದ್ದರು. ಗೊತ್ತಿಲ್ಲದ ಊರಿಗೂ ಹೀಗೆ ಸುದ್ದಿ ಮುಟ್ಟಿತು. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

"ಬಾಯಿ ಮುಚ್ಕೊಂಡಿರಿ ಅಂದ್ರೆ, ನಿಮ್ಮ ದಮ್ಮಯ್ಯ," ಅನ್ನುತ್ತಿದ್ದರು ಅವಳ ತಾಯಿ ಕಮಲಾಕ್ಷಮ್ಮ. "ಹೆಣ್ಣು ಮಗೀನ ಹೆಸರು ಬೀದೀಲಿ ಬಿದ್ದದೆ."

"ನಾಚ್ಕೆ ಪಡೋ ಅಂಥದ್ದು ಇದ್ರಲ್ಲಿ ಏನದೆ ಕಮಲ? ತಿಳೀದೆ ಇರೋರಿಗೆ ತಿಳ್ಸಬೇಕು. ಅಷ್ಟೇಯ."

ನಾಚಿಕೆ ಇಲ್ಲವೆಂದು ಅವರು ಹೇಳಿದಷ್ಟೂ ಅವಳು ಒಳಗೆ ಒಳಗೆ ಸೇರಿಕೊಂಡಳು. ಅವರು ಹಾಸನದಿಂದ ಸೊಳ್ಳೆಪರದೆ ತಂದು ಕಟ್ಟಿದರು. ಆ ಊರಿಗೇ ಮೊದಲ ಸೊಳ್ಳೆಪರದೆ ಅದು. ಮೇಷ್ಟ್ರು ಮಗಳನ್ನು ಬಲೆಯೊಳಗೆ ಇಟ್ಟಿದ್ದಾರಂತೆ ಎಂದು ಮಕ್ಕಳು ಕಿಟಕಿಗೆ ಇಣುಕತೊಡಗಿದ ಮೇಲೆ ಕಮಲಾಕ್ಷಮ್ಮ ಕಿಟಕಿಯನ್ನೂ ಮುಚ್ಚಿದರು. ಹಾಸನಕ್ಕೆ ಹೋಗಿ ಟೀಚರ್ ತರಬೇತಿ ಮಾಡುತ್ತೇನೆ ಎಂದು ನೀಲಾಂಬಿಕೆ ಒಮ್ಮೆ ಕೇಳಿದಳು. ಮದುವೆಯಾಗದ ಹೆಣ್ಣನ್ನು ಊರು ಬಿಟ್ಟು ಕಳಿಸಿದರೆ ರೋಗ ಮುಚ್ಚಿಡಲು ಕಳಿಸಿದರು ಅಂತಾರೆ ಎಂದು ತಾಯಿ ಅತ್ತರು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು. ಅವಳ ಓರಗೆಯ ಬೆಟ್ಟಮ್ಮ ಮೂರನೆಯ ಬಾಣಂತನಕ್ಕೆ ತವರಿಗೆ ಬಂದಾಗ ಇವಳು ಅದೇ ಒಲೆಯ ಮುಂದೆ ಅದೇ ರೊಟ್ಟಿ ತಟ್ಟುತ್ತಿದ್ದಳು.

ಯುದ್ಧ ಬಂತು. ಕ್ವಿನೈನ್ ಸಿಗದಾಯಿತು. ಆಗ ಸಂಶೋಧಕರ ಇನ್ನೊಂದು ತಂಡ, ಕ್ವಿನೈನ್ ಬದಲಿಗೆ ಹೊಸ ಹಳದಿ ಗುಳಿಗೆ ಬಂದಿದೆಯೆಂದು ವಿವರಿಸಲು ಕೊಣನೂರಿಗೆ ಬರುವುದೆಂದು ಗೊತ್ತಾಯಿತು. ಅದೇ ಹೊತ್ತಿಗೆ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಚಂದ್ರಯ್ಯ ಎನ್ನುವವರ ಕಡೆಯಿಂದ ಮಾತು ಬಂದಿತ್ತು. ಹೆಂಡತಿ ತೀರಿಕೊಂಡಿದ್ದರು, ಒಳ್ಳೆಯ ಮನುಷ್ಯ. ಹುಳ ಹೋಗಿದೆ ಎಂದು ತೋರಿಸಿದರೆ ನನ್ನ ಅಭ್ಯಂತರವಿಲ್ಲ ಅಂದಿದ್ದರು. ಪರಮಶಿವಯ್ಯನವರಿಗೆ ಇದಕ್ಕಿಂತ ಬೇಕೇ? ಇಡೀ ಊರಿನ ಮುಂದೆ ಮತ್ತೆ ರಕ್ತ ತೆಗೆಸುವುದು, ಇಲ್ಲವೆಂದು ತೋರಿಸುವುದು, ಹಾಕಿಕೊಂಡ ಗಂಟನ್ನು ಹಾಕಿದಲ್ಲೇ ಬಿಚ್ಚುವುದು. ಚಂದ್ರಯ್ಯನವರನ್ನೂ ಅದೇ ದಿನಕ್ಕೆ ಬರಹೇಳಿದರು.

ಮೂರು ದಿನ ಮುಂಚೆ ನೀಲಾಂಬಿಕೆಗೆ ಚಳಿ ಬಂತು. ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಕೂತು, ಸೆರಗನ್ನು ಹಲ್ಲಿಗೆ ಕಚ್ಚಿಕೊಂಡು ನಡುಗಿ ಮುಗಿಸಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಅದನ್ನೂ ಯಾರಿಗಾದರೂ ವಿವರಿಸುತ್ತಾರೆ. ಹೇಳದಿದ್ದರೆ ಗಾಜು ಹೇಳುತ್ತದೆ. ಎತ್ತ ತಿರುಗಿದರೂ ಗೋಡೆ.

ಅದೇ ಅಂಗಳ. ಚಂದ್ರಯ್ಯನವರು ಮುಂದಿನ ಬೆಂಚಿನಲ್ಲಿ ಜರಿ ಪೇಟ ಸುತ್ತಿ ಕೂತಿದ್ದರು. ಹಳದಿ ಗುಳಿಗೆಯ ವಿವರಣೆ ಮುಗಿದ ಕೂಡಲೇ ಪರಮಶಿವಯ್ಯನವರು ಎದ್ದು, ಸಭೆಗೆ ಕೈಮುಗಿದು, ಮಗಳನ್ನು ಕರೆದರು. ಅವಳು ಎದ್ದು ಮೇಜಿನವರೆಗೆ ಬಂದಳು. ಕೈ ಚಾಚಲಿಲ್ಲ.

"ಕೊಡವ್ವ, ಏನೂ ಆಗಾಕಿಲ್ಲ," ಅಂದರು ಅಪ್ಪ.

"ಎಲ್ರುದೂ ತೆಗೀಲಿ ಅಪ್ಪಾಜಿ. ಎಲ್ರುದರ ಜೊತೇಲಿ ನಂದೂ ತೆಗೀಲಿ."

ಬಂದಿದ್ದ ಸಂಶೋಧಕರಿಗೆ ಖುಷಿಯಾಯಿತು. ಅದೇ ಸರಿಯಾದ ಕ್ರಮ, ಸಾಲಾಗಿ ಬನ್ನಿ ಅಂದರು. ಸಾಲಾಗಿ ಬಂದವರು ಯಾರು? ಒಬ್ಬನಿಗೆ ಎತ್ತಿಗೆ ನೀರು ಕುಡಿಸುವುದಿತ್ತು, ಇನ್ನೊಬ್ಬನಿಗೆ ಅರಕಲಗೂಡಿನ ಬಸ್ಸು ತಪ್ಪುವುದಿತ್ತು. ನೋಡನೋಡುತ್ತ ಅಂಗಳ ಬರಿದಾಯಿತು. ಚಂದ್ರಯ್ಯನವರು ಮಾತ್ರ ಮರ್ಯಾದೆಗೆ ಹತ್ತಿರ ಬಂದರು.

"ಕೊಡಾಕೆ ಇಂದುಮುಂದು ನೋಡ್ತಾವ್ರೆ ಅಂದ್ರೆ ಅರ್ಥ ಆಯ್ತು ಬುಡಿ ಮೇಷ್ಟ್ರೇ. ಬೇಜಾರ್ ಮಾಡ್ಕಬ್ಯಾಡಿ," ಅಂದು ಚಪ್ಪಲಿ ಮೆಟ್ಟಿ ಹೊರಟರು.

ಪರಮಶಿವಯ್ಯನವರ ಮುಖ ಇಳಿದುಹೋಯಿತು. "ಎಂಥ ಕೆಲ್ಸ ಮಾಡ್ದೆ ಮಗ," ಅಂದರು. ಅವಳು ಯಾಕೆ ಕೈ ಚಾಚಲಿಲ್ಲವೆಂದು ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. ಅದನ್ನು ಕಂಡು ಅವಳಿಗೆ, ಇಷ್ಟು ವರ್ಷ ಬಾಯಿಗೆ ಬಾರದ ಮಾತು ತಾನಾಗಿ ಬಂತು.

"ಅವತ್ತು ನಿಮ್ಮ ಬೆರಳು ಯಾಕೆ ಕೊಡ್ಲಿಲ್ಲ ಅಪ್ಪಾಜಿ? ನನ್ ಜೊತೇಲೇ ನಿಮಗೂ ಜ್ವರ ಬಂದಿತ್ತು."

ಅವರು ಸಂಶೋಧಕರ ಕಡೆ ನೋಡಿದರು, ನೆಲ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಮೇಷ್ಟ್ರು ರಕ್ತದಲ್ಲಿ ಹುಳ ಅದೆ ಅಂದ್ರೆ... ಹುಡುಗ್ರು ನಗ್ತಿದ್ರಲ್ಲವ್ವ."

ಹುಳಕ್ಕೆ ಹೆದರಿದ ಊರನ್ನು ಅವಳು ಎಂದೋ ಕ್ಷಮಿಸಿದ್ದಳು, ಊರಿಗೆ ತಿಳಿದಿರಲಿಲ್ಲ. ಅಪ್ಪನಿಗೆ ತಿಳಿದಿತ್ತು. ನಾಚಿಕೆ ಎಂಬುದು ಇದೆಯೆಂದು ಮೊದಲ ದಿನವೇ ತಿಳಿದು, ಅದನ್ನು ಅವಳ ತಲೆಗೆ ಕಟ್ಟಿ, ಆಮೇಲೆ ಊರೂರಿಗೆ ಹೋಗಿ ನಾಚಿಕೆ ಇಲ್ಲವೆಂದು ಪಾಠ ಹೇಳಿದ್ದರು.

ಪರಮಶಿವಯ್ಯನವರು ಈಗ ಅಂಗಿಯ ತೋಳು ಮಡಿಸಿ ಬೆರಳನ್ನು ಸೂಜಿಯ ಮುಂದೆ ಹಿಡಿದರು.

"ಬುಡಿ ಅಪ್ಪಾಜಿ. ಈಗ ನೋಡೋರು ಯಾರವ್ರೆ?" ಅಂದಳು ನೀಲಾಂಬಿಕೆ.

ಅವರ ತೋಳನ್ನು ಅವಳೇ ಇಳಿಸಿ ಗುಂಡಿ ಹಾಕಿದಳು. ಹೊತ್ತು ಇಳಿಯುತ್ತಿತ್ತು, ಅವ್ವ ಕಾಯುತ್ತಿರುತ್ತಾರೆ. ಮುಂದೆ ಅಪ್ಪ, ಹಿಂದೆ ಅವಳು ನಡೆದು ಮನೆಗೆ ಬಂದರು. ಹೋಗುವುದಕ್ಕೆ ಅವಳಿಗೆ ಬೇರೆ ಮನೆ ಇರಲಿಲ್ಲ.