ಅಪ್ಪ ಹಾಸಿದ ಪರಸಿ

ಮುಂಜಾನೆ ಅಂಗಳದ ಪರಸಿ ಕಲ್ಲಿಗೆ ನೀರು ಸುರಿದಾಗ ಎದ್ದ ವಾಸನೆ ನನ್ನನ್ನು ಐದನೆಯ ತರಗತಿಗೆ ಎಳೆದೊಯ್ದಿತು.

‘ಮೇ ಐ ನೌ ಸಿಟ್ ಆನ್ ದ ಬೆಂಚ್, ಸರ್?’ ತಡವರಿಸದೆ ಹೀಗೆ ಕೇಳಿದವರಿಗಷ್ಟೇ ಬೆಂಚು, ಉಳಿದವರಿಗೆ ನೆಲ. ಇದು ಇಂಗ್ಲಿಷ್ ಮಾಸ್ತರರ ನೇಮ. ನನಗೆ ‘ನೌ’ ನೆನಪಾದರೆ ‘ಆನ್’ ಮರೆಯುತ್ತಿತ್ತು.

“ನಿಮ್ಮಪ್ಪ ಹಾಸಿದ ಪರಸಿ ಭಾಳ ಚಲೋ ಅದ. ಅದ್ರ ಮ್ಯಾಲೇ ಕುಂದ್ರು,” ಎಂದು ಅವರು ನಕ್ಕರೆ ಬೆಂಚಿನವರೆಲ್ಲ ನಗುತ್ತಿದ್ದರು.

ರಾವೂರಿನ ಕಲ್ಲು ತಂದು ಆ ನೆಲ ಹಾಸಿದ್ದು ಅಪ್ಪನೇ. ಸಂಜೆ ನಾನು ಶಾಲೆಯಿಂದ ಬಂದಾಗ ನನ್ನನ್ನು ಹೆಮ್ಮೆಯಿಂದ ಕೇಳುತ್ತಿದ್ದ: “ಪರಸಿ ಎಲ್ಲೂ ಅಲುಗಾಡಂಗಿಲ್ಲಲ್ಲ, ಯವ್ವಾ?”

“ಇಲ್ಲಪ್ಪಾ, ಗಟ್ಟಿ ಅದ.”

ಈಗ ಇಂಗ್ಲಿಷ್ ಸರಾಗವಾಗಿ ಬರುತ್ತದೆ. ಆದರೂ ಖಾಲಿ ಕುರ್ಚಿ ಕಂಡರೆ, ಯಾರಾದರೂ “ಕುಂದ್ರಿ” ಅನ್ನುವವರೆಗೆ ನಿಂತೇ ಇರುತ್ತೇನೆ.